ಅಭಿನಂದನ ಗ್ರಂಥದಲ್ಲಿ ಅಜ್ಜಿಯ ಲೇಖನ

ಬೆವರು ಪ್ರಕಾಶನದ ಆಫೀಸಿನಲ್ಲಿ ಎಸಿ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾಳೆ ಅನ್ನಬೇಡಿ. ದೊಡ್ಡಬಳ್ಳಾಪುರದ ಪೇಟೆಯಲ್ಲಿ ಕೆಳಗೆ ನೂಲಿನ ಅಂಗಡಿ, ಮೇಲೆ ಕನ್ನಡ ಸಾಹಿತ್ಯ. ಸುತ್ತಲಿನ ಮಗ್ಗಗಳು ಬೆಳಗಾದರೆ ಖಟಖಟ ಅನ್ನುತ್ತಿದ್ದವು. ಆ ಸದ್ದು ಒಳಗೆ ಬರಬಾರದೆಂದು ಗಾಜಿನ ಕಿಟಕಿ ಹಾಕಿಸಿದ್ದರು. ಗೋಡೆಯ ಮೇಲೆ ಬಿರುಕು ಬಿಟ್ಟ ಹಿಮ್ಮಡಿಯ ದೊಡ್ಡ ಫೋಟೋ. ಯಾರ ಹಿಮ್ಮಡಿಯೋ ಗೊತ್ತಿಲ್ಲ. ನಮ್ಮ ಭಾನುಪ್ರಕಾಶ್ ಸರ್ ಅವರದಂತೂ ಅಲ್ಲ. ಅವರು ಚಪ್ಪಲಿ ಬಿಟ್ಟು ಓಡಾಡುತ್ತಿದ್ದರು, ನೋಡಿದ್ದೇನೆ, ಬೆಣ್ಣೆಯಂಥ ಪಾದ.

ಭಾನುಪ್ರಕಾಶ್ ಸರ್ ಕವಿ. ಪ್ರಕಾಶಕರು. ಕೂಲಿಯವರ ಮೇಲೆ, ಪೌರಕಾರ್ಮಿಕರ ಮೇಲೆ, ಹೆಣ ಸುಡುವವರ ಮೇಲೆ ಕವಿತೆ ಬರೆದಿದ್ದಾರೆ. ಯಾರನ್ನೂ ಬಿಟ್ಟಿಲ್ಲ. ನಾನು ಎಂ.ಎ. ಮುಗಿಸಿ ಅವರ ಪತ್ರಿಕೆಗೆ ಒಂದು ಕಥೆ ಕಳಿಸಿದ್ದೆ. ಕರೆಸಿಕೊಂಡರು.

"ನಿನ್ನ ಕಥೇಲಿ ಒಂದು ನೋವಿದೆ ಕಣಮ್ಮ ಅಕ್ಷತ. ಯಾವ ಕಡೆಯೋರು ನೀವು?"

"ದೊಡ್ಡಬೆಳವಂಗಲದ ಕಡೆ ಸರ್."

"ಅದಲ್ಲ. ಜಾತಿಗೀತಿ ಕೇಳೋನಲ್ಲ ನಾನು. ಸುಮ್ನೆ, ಯಾವ ಕಡೆ ಅಂತ."

ಹೇಳಿದೆ. ಅವರ ಮುಖ ಅರಳಿತು.

"ಒಳ್ಳೇದಾಯ್ತು ಬಿಡು. ನಮ್ಮಲ್ಲಿ ನಿಮ್ಮೋರು ಒಬ್ರು ಇರ್ಬೇಕು ಅಂತ ಬಹಳ ದಿನದಿಂದ ಇತ್ತು."

ಹೀಗೆ ನಾನು ಸಾಹಿತ್ಯಲೋಕಕ್ಕೆ ಕಾಲಿಟ್ಟೆ. ಹುದ್ದೆ ಸಹಾಯಕ ಸಂಪಾದಕಿ. ಪ್ರೆಸ್ಸಿನ ಆಟೋ ಬಂದರೆ ಪುಸ್ತಕದ ಕಟ್ಟುಗಳನ್ನು ಎರಡು ಮಹಡಿ ಹೊತ್ತು ಹಾಕುವುದು ಸಹಾಯಕ ಸಂಪಾದಕಿಯ ಕೆಲಸ. ಸುತಳಿ ದಾರ ಬೆರಳಿಗೆ ಕೊಯ್ಯುತ್ತಿತ್ತು. ಸೊಂಟ ಹಿಡಿದುಕೊಳ್ಳುತ್ತಿತ್ತು. ವಿಮರ್ಶಕರು ಬಂದರೆ ಕಾಫಿ, ಹೋದರೆ ಲೋಟ. ಒಂದು ದಿನ ಕಕ್ಕಸಿನ ಪೈಪು ಕಟ್ಟಿಕೊಂಡಿತು. ಸರ್ ನನ್ನ ಕಡೆ ನೋಡಿದರು. ಬಾಯಲ್ಲಿ ಏನೂ ಅನ್ನಲಿಲ್ಲ, ಪಾಪ, ಪ್ರಗತಿಪರರು. ಕಣ್ಣಲ್ಲೇ ನೋಡಿದರು. ನಾನು ಪ್ರೂಫ್ ಹಾಳೆಯಿಂದ ತಲೆಯೆತ್ತಲಿಲ್ಲ. ಕೊನೆಗೆ ಡಿಟಿಪಿ ಮಾಡುವ ಶಶಿರೇಖಕ್ಕ ಫೋನು ಮಾಡಿ ಪ್ಲಂಬರ್ ಕರೆಸಿದಳು.

"ಎಂ.ಎ. ಮಾಡ್ಕೊಂಡು ಈ ಕರ್ಮಕ್ಕೆ ಯಾಕ್ ಬಂದ್ಯೇ?" ಅಂದಳು ಆಮೇಲೆ.

ಯಾಕೆ ಬಂದೆ ಅಂದರೆ, ನನ್ನ ಕಥೆಗಳ ಪುಸ್ತಕ. ಸರ್ ಅದನ್ನು ತೆಗೆದಿಟ್ಟುಕೊಂಡಿದ್ದರು. "ಮುನ್ನುಡಿ ನಾನೇ ಬರೀತೀನಿ. ಸ್ವಲ್ಪ ತಾಳ್ಮೆ" ಅಂದಿದ್ದರು. ನಮ್ಮ ಕೇರಿಯಲ್ಲಿ ಇದುವರೆಗೆ ಯಾರ ಹೆಸರಾದರೂ ಅಚ್ಚಾಗಿದ್ದರೆ ಅದು ಓಟಿನ ಪಟ್ಟಿಯಲ್ಲಿ. ನನ್ನ ಹೆಸರು ಪುಸ್ತಕದ ಮೇಲೆ ಬರಬೇಕಿತ್ತು. ಅದಕ್ಕೆ ಲೋಟ ತೊಳೆಯಲೂ ತಯಾರಿದ್ದೆ. ಈಗ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ.

ಅಷ್ಟರಲ್ಲಿ ನವೀನ್‌ಕುಮಾರ್ ಬಂದ. ಬಿಳಿ ಕಾರು, ಬಿಳಿ ಅಂಗಿ, ಬಿಳಿ ಪ್ಯಾಂಟು. ಹೊಲ ಕೊಂಡು ಸೈಟಿನ ಲೇಔಟು ಮಾಡುತ್ತಾನೆ. ಮುಂದಿನ ಎಲೆಕ್ಷನ್ನಿಗೆ ನಿಲ್ಲುತ್ತಾನೆ. ಅವರಪ್ಪ ಅಪ್ಪಯ್ಯಣ್ಣನಿಗೆ ಎಂಬತ್ತು ತುಂಬಿತ್ತು. ಅಭಿನಂದನ ಗ್ರಂಥ ಬೇಕು.

"ಗುರುಗಳೇ, ನಮ್ಮ ಫಾದರು ಆ ಕಾಲದಲ್ಲೇ ಬಾವಿ ತೋಡ್ಸಿ ಎಸ್ಸಿ ಜನಕ್ಕೆ ಓಪನ್ ಮಾಡಿದ್ರು. ಆ ಪಾಯಿಂಟ್ ಚೆನ್ನಾಗಿ ಹೈಲೈಟ್ ಆಗ್ಬೇಕು."

"ಗ್ರಂಥಕ್ಕೆ 'ಜೀವಜಲ' ಅಂತ ಹೆಸರಿಡೋಣ" ಅಂದರು ಸರ್, ಕಣ್ಣು ಮುಚ್ಚಿಕೊಂಡು. ಕವಿತೆ ಬರುವಾಗಲೂ ಹಾಗೇ ಮುಚ್ಚುತ್ತಾರೆ.

ಅವನ ಊರು ನಮ್ಮೂರೇ. ಆ ಮನೆ ಊರ ನಡುವೆ, ನಮ್ಮ ಕೇರಿ ಊರ ಆಚೆ. ನವೀನ್‌ಕುಮಾರ್ ನನ್ನ ಮುಖ ನೋಡಿ ಕಾಫಿ ತೆಗೆದುಕೊಂಡ, ಗುರುತು ಸಿಗಲಿಲ್ಲ. ಕೇರಿಯ ಹುಡುಗಿಯರ ಮುಖ ನೆನಪಿಟ್ಟುಕೊಳ್ಳುವಷ್ಟು ಬಿಡುವು ಆ ಮನೆಯವರಿಗೆ ಯಾವತ್ತೂ ಇರಲಿಲ್ಲ.

ಅಭಿನಂದನ ಗ್ರಂಥ ಹೇಗೆ ತಯಾರಾಗುತ್ತದೆ ಅಂತ ನಿಮಗೆ ಗೊತ್ತಿಲ್ಲದಿದ್ದರೆ ಕೇಳಿ. ಗಣ್ಯರು ಲೇಖನ ಬರೆಯುತ್ತಾರೆ. ಅಂದರೆ ಗಣ್ಯರು ಹೆಸರು ಕೊಡುತ್ತಾರೆ, ಲೇಖನ ನಾನು ಬರೆಯುತ್ತೇನೆ. ನಿವೃತ್ತ ಹೆಡ್‌ಮಾಸ್ಟರ ಹೆಸರಿನಲ್ಲಿ 'ನಾ ಕಂಡ ಅಪ್ಪಯ್ಯಣ್ಣ.' ಡಾಕ್ಟರ ಹೆಸರಿನಲ್ಲಿ 'ನಾನು ಕಂಡಂತೆ ಅಪ್ಪಯ್ಯಣ್ಣ.' ಸೊಸೆಯ ಹೆಸರಿನಲ್ಲಿ 'ಮಾವ ಅಲ್ಲ, ಅಪ್ಪ.' ಒಬ್ಬಳೇ ಕೂತು ಒಂದು ಊರಿನಷ್ಟು ಜನರಾಗಿ ಅವನನ್ನು ಹೊಗಳಿದೆ. ಹೆಡ್‌ಮಾಸ್ಟರಿಗೆ ಉದ್ದ ವಾಕ್ಯ, ಡಾಕ್ಟರಿಗೆ ಗಿಡ್ಡ ವಾಕ್ಯ, ಸೊಸೆಗೆ ಮೂರು ಕಡೆ ಕಣ್ಣೀರು. ನನ್ನ ಕಲೆ ಮೊದಲು ಅರಳಿದ್ದು ಅಲ್ಲೇ.

ಅಪ್ಪಯ್ಯಣ್ಣನ ಸಂದರ್ಶನಕ್ಕೂ ಸರ್ ಜೊತೆ ಹೋಗಿದ್ದೆ. ಮುದುಕ ವರಾಂಡದಲ್ಲಿ ಕೂತಿದ್ದ. ಕಿವಿ ಸ್ವಲ್ಪ ಮಂದ. ನೆನಪು ಇನ್ನೂ ಮಂದ. ಒಂದು ವಿಷಯ ಬಿಟ್ಟು.

"ಯಜಮಾನ್ರೇ, ನಿಮ್ಮ ಮದುವೆ ಯಾವ ವರ್ಷ ಆಗಿದ್ದು?" ಅಂತ ಕೇಳಿದೆ.

"ಘಾಟಿ ದನದ ಜಾತ್ರೇಲಿ ಕೆಂದ ಹೋರಿ ತಂದ್ನಲ್ಲ, ಆ ವರ್ಸ."

"ನವೀನಣ್ಣ ಹುಟ್ಟಿದ್ದು?"

"ಬಿಳೇ ಎತ್ತು ಕೊಂಬು ಮುರ್ಕೊಂಡಿತ್ತು. ಆವಾಗ." ಮುದುಕನ ಕಣ್ಣು ಹೊಳೆಯಿತು. "ಕೆಂದ ಐತಲ್ಲ, ಅದನ್ನ ಎಡಕ್ಕೇ ಹೂಡ್ಬೇಕು. ಬಲಕ್ಕೆ ಹೂಡಿದ್ಯೋ, ನಿಂತ ಕಡೇನೇ ಮಲಗ್ಬುಡೋದು. ಎಂಥ ಹೋರಿ ಅಂತೀಯ!"

"ಎತ್ತಿನ ವಿಷಯ ಸಾಕು ಯಜಮಾನ್ರೇ, ಮೌಲ್ಯಗಳ ಬಗ್ಗೆ ಹೇಳಿ" ಅಂದರು ಸರ್.

"ಅದಕ್ಕೆ ಆ ಕಾಲದಾಗೇ ಒಳ್ಳೇ ಮೌಲ್ಯ ಬರೋದು" ಅಂದ ಮುದುಕ, "ನಾನೇ ಮಾರ್ಲಿಲ್ಲ."

ಗ್ರಂಥ ಮುಗಿಯುತ್ತ ಬಂತು. ಆಗ ಸರ್‌ಗೆ ಜ್ಞಾನೋದಯವಾಯಿತು. ಗಣ್ಯರಷ್ಟೇ ಇದ್ದರೆ ಗ್ರಂಥಕ್ಕೆ ಮಣ್ಣಿನ ವಾಸನೆ ಬರುವುದಿಲ್ಲ. 'ಶ್ರಮಿಕರ ಕಣ್ಣಲ್ಲಿ' ಅಂತ ಒಂದು ಭಾಗ ಬೇಕು. ಆ ಬಾವಿಯಿಂದ ಉಪಕಾರವಾದ ಒಂದು ಮುದುಕಿ ಬೇಕು. ನವೀನ್‌ಕುಮಾರ್ ಫೋನಿನಲ್ಲಿ ಹೆಸರು ಹೇಳಿದ. ಪಿಳ್ಳಮ್ಮ.

"ಅವರು ನಮ್ಮಜ್ಜಿ ಸರ್" ಅಂದೆ.

ಸರ್ ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ, ಮನೇಲೇ ಇಟ್ಕೊಂಡು ಊರೆಲ್ಲ ಹುಡುಕ್ದಂಗಾಯ್ತಲ್ಲಮ್ಮ! ಹೋಗು, ಅಜ್ಜಿಯಿಂದ ಒಂದು ಕೃತಜ್ಞತೆಯ ಲೇಖನ ಬರೆಸ್ಕೊಂಡು ಬಾ. ಅವರ ಭಾಷೇಲೇ ಇರ್ಲಿ. ತಿದ್ದಬೇಡ."

ತಿದ್ದಬೇಡ ಅಂದಿದ್ದು ಅವರೇ. ಇದು ನೆನಪಿರಲಿ.

ಅಜ್ಜಿ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ವಿಷಯ ಹೇಳಿದೆ. ಬಾವಿ ತೋಡಿಸಿ ನಮಗೆ ಬಿಟ್ಟುಕೊಟ್ಟರಂತೆ ಅಂದೆ. ಅವಳ ಕೈ ನಿಂತಿತು.

"ತೋಡಿದ್ದು ಯಾರು ಅಂದ್ಕೊಂಡಿದ್ದೀಯ? ನಾವು ಕಣಮ್ಮಿ. ನಿಮ್ಮ ತಾತ ಒಳಗೆ ಹಾರೆ ಹಾಕೋನು. ನಾನು ಮಂಕರೀಲಿ ಮಣ್ಣು ಹೊತ್ಕೊಂಡು ಮೇಲಕ್ಕೆ ಹತ್ತೋಳು. ನಿಮ್ಮಪ್ಪ ಆವಾಗ ಹೊಟ್ಟೇಲಿದ್ದ. ನೀರು ಬಂದಾಗ ಮೊದ್ಲು ಮೊಣಕಾಲಮಟ್ಟ ನಿಂತೋರು ನಾವೇಯ. ಮೇಲಕ್ಕೆ ಬಂದ್ವಿ. ಅಯ್ನೋರ ಕರ್ಸಿ ಗಂಜಳ ಹುಯ್ಸಿ ಬಾವಿ ಸುದ್ದ ಮಾಡಿದ್ರು. ಅವತ್ತಿಂದ ನಾವು ಅದರ ಹತ್ರ ಹೋಗಂಗಿಲ್ಲ."

"ಆಮೇಲೆ ಬಿಟ್ರಾ?"

"ಬಿಡ್ತಾರೆ ಬಿಡ್ತಾರೆ." ಅವಳು ಒಂದು ಕಾಯಿ ಚಿವುಟಿ ಕಾಳು ಉದುರಿಸಿದಳು. "ಬ್ಯಾಸಿಗೆ. ಅವರ ಬದನೆ ತೋಟದಾಗೆ ಕಳೆ ಕೀಳ್ತಿದ್ದೆ. ಮಗೀಗೆ ಮೊಲೆ ಕೊಟ್ಟು ಕೊಟ್ಟು ಗಂಟಲು ಒಣಗೋಗಿತ್ತು. ಕೂಗ್ದೆ, ನೀರು ಹುಯ್ಯೋಕೆ ಯಾರೂ ಬರ್ಲಿಲ್ಲ. ಇಳಿದೆ. ಬೊಗಸೇಲಿ ಕುಡ್ದೆ. ಈ ಅಪ್ಪಯ್ಯ ಬದು ಮ್ಯಾಲೆ ನಿಂತು ನೋಡ್ತಾವ್ನೆ."

"ಹೊಡೆದ್ನಾ?"

"ನನ್ನ ಹೊಡೆದಿದ್ರೆ ಎಷ್ಟೋ ಚೆಂದಾಗಿತ್ತು. ಮೈಲಿಗೆ ನೀರೆಲ್ಲ ಎತ್ತಿ ಚೆಲ್ಬೇಕು ಅಂದ. ಎತ್ತು ಕಟ್ಟಿ ನೀರೆಳೆಯೋ ಕಪಿಲೆ ಹೂಡಿದ್ರು. ಮುಟ್ಟಿದೋಳ ಗಂಡಾನೇ ಎಳೀಲಿ ಅಂತ ಒಂದು ಎತ್ತು ಬಿಚ್ಚಿ ನಿಮ್ಮ ತಾತನ ಹೆಗಲಿಗೆ ನೊಗ ಕಟ್ಟಿದ್ರು. ಮಗ್ಗುಲಾಗೆ ಹೋರಿ. ಹೊತ್ತು ಮುಳುಗೋಗಂಟ ಎಳ್ದ. ಅದು ನಿಂತ್ರೆ ಅದಕ್ಕೊಂದು ಏಟು, ಇವನು ನಿಂತ್ರೆ ಇವನಿಗೊಂದು. ಆ ನೀರೆತ್ತೋ ತೊಗಲ ಚೀಲ ಇತ್ತಲ್ಲ, ಅದನ್ನ ಹೊಲ್ದು ಕೊಟ್ಟಿದ್ದೂ ನಿಮ್ಮ ತಾತಾನೇಯ. ಚೀಲ ಬಾವಿಗಿಳೀಬೋದು. ನಾವು ಇಳಿಯಂಗಿಲ್ಲ."

ನಮ್ಮ ಮುನಿಯ ತಾತನ ಕತ್ತಿನ ಹಿಂದೆ ನಿಂಬೆಹಣ್ಣಿನಷ್ಟು ಒಂದು ಗಂಟಿತ್ತು. ಚಿಕ್ಕವಳಿದ್ದಾಗ ಅವನ ಬೆನ್ನ ಮೇಲೆ ಕೂತು ಅದನ್ನು ಹಿಡಿದುಕೊಂಡು ಆಡುತ್ತಿದ್ದೆ. ಅವನು ಬೈಯುತ್ತಿರಲಿಲ್ಲ. ಅದು ಏನು ಅಂತ ಯಾರೂ ಹೇಳಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಕೂತಲ್ಲೇ ಅತ್ತೆ.

"ಅಳಬ್ಯಾಡ. ಬರ್ಕೋ" ಅಂದಳು ಅಜ್ಜಿ.

ಅವಳು ಹೇಳಿದ ಹಾಗೇ ಬರೆದೆ. ಸರ್ ಓದಿದರು. ನಿಜ ಹೇಳಬೇಕು, ಅವರ ಕಣ್ಣು ತುಂಬಿತು. ಕನ್ನಡಕ ತೆಗೆದು ಒರೆಸಿಕೊಂಡರು.

"ಅದ್ಭುತ. ನಮ್ಮ ಸಾಹಿತ್ಯಕ್ಕೆ ಬೇಕಾಗಿರೋದು ಇದೇ ಕಣಮ್ಮ." ಮೂಗೂ ಒರೆಸಿಕೊಂಡರು. "ಕೊನೆ ಮಾತ್ರ ಸ್ವಲ್ಪ ಬದಲಾಯಿಸೋಣ."

"ಏನನ್ನ ಸರ್?"

"ನೋವು ಇರ್ಲಿ. ನೋವು ಕೊಟ್ಟೋರು ಬೇಡ. ನೊಗ ಕಟ್ಟಿದ್ದು ಯಾರೋ ಹಳೇ ಕಾಲದ ಹಿರಿಯರು. ಯುವಕ ಅಪ್ಪಯ್ಯಣ್ಣ ಓಡಿ ಬಂದು, ಮನಸ್ಸು ಕರಗಿ, ನಿಮ್ಮ ತಾತನ ಪಕ್ಕದಲ್ಲಿ ತಾನೇ ಹೆಗಲು ಕೊಟ್ಟ. ಅವತ್ತೇ ಬಾವಿ ಎಲ್ಲರಿಗೂ ಮುಕ್ತವಾಯ್ತು. ಹೇಗಿದೆ? ನನಗೇ ರೋಮಾಂಚನ ಆಗ್ತಿದೆ."

"ಸುಳ್ಳಲ್ವಾ ಸರ್?"

"ಸುಳ್ಳಲ್ಲ, ರೂಪಕ."

"ಇದನ್ನ ನಾನು ಬರೆಯಲ್ಲ."

ಸರ್ ಸಿಟ್ಟಾಗಲಿಲ್ಲ. ಅವರು ಸಿಟ್ಟಾಗುವುದು ಕವಿತೆಗಳಲ್ಲಿ ಮಾತ್ರ. ಮೇಜಿನ ಡ್ರಾ ಎಳೆದು ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ನನ್ನ ಪುಸ್ತಕದ ಮುಖಪುಟ. ಬಣ್ಣದಲ್ಲಿ. ಕೆಳಗೆ ನನ್ನ ಹೆಸರು, ನನ್ನ ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ.

"ನೀನು ಬರೀಬೇಡ. ನಾನೇ ಬರೀತೀನಿ. ಸಮಾರಂಭದ ದಿನ ನೀನು ಅದನ್ನ ಓದಿದ್ರೆ ಸಾಕು. ಮೊಮ್ಮಗಳ ಬಾಯಲ್ಲಿ ಬಂದ್ರೆ ಅದರ ತೂಕಾನೇ ಬೇರೆ. ಮಾರನೇ ದಿನ ನಿನ್ನ ಪುಸ್ತಕ ಪ್ರೆಸ್ಸಿಗೆ."

ಆ ಹಾಳೆಯನ್ನು ಮನೆಗೆ ತಂದೆ. ಅಪ್ಪ ಅದನ್ನು ಗೋಡೆಗೆ ಅಂಟಿಸಿದ. ಅಕ್ಕಪಕ್ಕದವರು ಬಂದು ನೋಡಿದರು. ಓದಲು ಬಾರದವರೂ ನನ್ನ ಹೆಸರಿನ ಮೇಲೆ ಬೆರಳಿಟ್ಟು ನೋಡಿದರು. ನನಗೆ ಅದು ಬೇಕಿತ್ತು. ತುಂಬ ಬೇಕಿತ್ತು. ಬೇಡವಾಗಿತ್ತು ಅಂತ ಈಗ ದೊಡ್ಡವಳ ಹಾಗೆ ಹೇಳಿಕೊಳ್ಳುವುದಿಲ್ಲ.

ಸಮಾರಂಭ ಅಪ್ಪಯ್ಯಣ್ಣ ಕನ್ವೆನ್ಷನ್ ಹಾಲಿನಲ್ಲಿ. ಬದನೆ ತೋಟ ಇದ್ದ ಜಾಗದಲ್ಲೇ ಹಾಲು ಎದ್ದಿದೆ. ಬಾವಿ ಮುಚ್ಚಿ ಕಾರು ನಿಲ್ಲಿಸಲು ಜಾಗ ಮಾಡಿದ್ದಾರೆ. ಜೀವಜಲದ ಮೇಲೆ ಎಲ್ಲರೂ ಕಾರು ನಿಲ್ಲಿಸಿ ಒಳಗೆ ಬಂದರು. ಅಜ್ಜಿಯನ್ನು ಕರೆತರಲು ನವೀನ್‌ಕುಮಾರ್ ಕಾರು ಕಳಿಸಿದ್ದ. ಸೀಟಿನ ಮೇಲೆ ಟವೆಲ್ ಹಾಸಿದ್ದರು. ಕವರು ಗಲೀಜಾಗಬಾರದೆಂದು ಡ್ರೈವರು ಹೇಳಿದನಂತೆ.

"ಬರ್ಬೇಡ ಅಜ್ಜಿ ಅಂತ ಹೇಳಿದ್ನಲ್ಲ" ಅಂದೆ.

"ಅವನ ಮುಂದೆ ನಂಗೆ ಕುರ್ಚಿ ಹಾಕ್ತಾರಂತೆ. ನೋಡೇಬುಡಾನ ಅಂತ ಬಂದೆ."

ಕುರ್ಚಿ ಹಾಕಿದ್ದರು. ಗಣ್ಯರಿಗೆ ಕೆಂಪು ಮಖಮಲ್ಲಿನ ರಾಜರ ಕುರ್ಚಿ. ಅಜ್ಜಿಗೆ ಕೊನೆಯಲ್ಲಿ ನೀಲಿ ಪ್ಲಾಸ್ಟಿಕ್ಕು. ಗಣ್ಯರ ಮುಂದೆ ನೀರಿನ ಬಾಟಲು. ಅಜ್ಜಿಯ ಮುಂದೆ ಇಲ್ಲ. ಮರೆತಿರುತ್ತಾರೆ ಬಿಡಿ, ಜೀವಜಲದ ಗಡಿಬಿಡಿ.

ಬಣ್ಣದ ಕಾಗದ ಬಿಚ್ಚಿ ಗ್ರಂಥ ಎತ್ತಿ ಹಿಡಿದರು. ಫೋಟೋ ಆಯಿತು. ಎಲ್ಲರೂ ಮಾತಾಡಿದರು. ನಾನೇ ಬರೆದುಕೊಟ್ಟ ಹೊಗಳಿಕೆಯನ್ನು ಹೆಡ್‌ಮಾಸ್ಟರು ತಮ್ಮದೇ ನೆನಪು ಅನ್ನುವ ಹಾಗೆ ಹೇಳಿದರು. ಸೊಸೆ ಸರಿಯಾಗಿ ಮೂರು ಕಡೆ ಕಣ್ಣೊರೆಸಿಕೊಂಡಳು. ನಿರೂಪಣೆ ನನ್ನದು. ನನ್ನ ಮಾತನ್ನೇ ಅವರ ಬಾಯಲ್ಲಿ ಕೇಳಿ, ಮುಂದಿನವರ ಹೆಸರು ಕೂಗುತ್ತ ಹೋದೆ.

"ಈಗ ಶ್ರಮಿಕರ ಕಣ್ಣಲ್ಲಿ" ಅಂದರು ಸರ್, ನನ್ನ ಪರಿಚಯಕ್ಕೆ ತಾವೇ ಎದ್ದು ಬಂದು. "ಪಿಳ್ಳಮ್ಮನವರ ಲೇಖನ. ಓದುತ್ತಿರುವವರು ಅವರ ಮೊಮ್ಮಗಳು, ನಮ್ಮ ಸಂಸ್ಥೆಯ ಕುಡಿ, ಶೀಘ್ರದಲ್ಲೇ ಕಥೆಗಾರ್ತಿ."

ಚಪ್ಪಾಳೆ. ನಾನು ಪುಟ ತೆರೆದೆ. ಅಜ್ಜಿಯ ಫೋಟೋ ಇತ್ತು. ಕೆಳಗೆ ಅವಳ ಹೆಸರು, ನನ್ನ ಮುಖಪುಟದ ಹೆಸರಿಗಿಂತ ಚಿಕ್ಕದಾಗಿ. ಓದಿದೆ.

"ನನ್ನ ಪತಿಯ ಹೆಗಲಿನ ಪಕ್ಕದಲ್ಲಿ ತಮ್ಮ ಹೆಗಲು ಕೊಟ್ಟ ಅಪ್ಪಯ್ಯಣ್ಣನವರು..."

"ಯಾರು ಹಂಗಂದಿದ್ದು?" ಅಂದಳು ಅಜ್ಜಿ, ಕೂತಲ್ಲಿಂದ.

ಜನ ನಕ್ಕರು. ಮುದುಕಿ, ಪಾಪ, ಅಂತ. ಸರ್ ನನಗೆ ಮುಂದೆ ಓದು ಅಂತ ಕೈಸನ್ನೆ ಮಾಡಿದರು. ಕೈಯಲ್ಲಿದ್ದ ಗ್ರಂಥ ಪ್ರೆಸ್ಸಿನಿಂದ ಹೊತ್ತ ಯಾವ ಕಟ್ಟಿಗಿಂತಲೂ ಭಾರವಾಗಿತ್ತು. ಗೋಡೆಗೆ ಅಂಟಿಸಿದ ಹಾಳೆ ನೆನಪಾಯಿತು. ಆಮೇಲೆ ನಾನು ಹಿಡಿದು ಆಡಿದ ಆ ಗಂಟು ನೆನಪಾಯಿತು.

ಗ್ರಂಥ ಮುಚ್ಚಿದೆ.

"ಇದು ನಮ್ಮಜ್ಜಿ ಹೇಳಿದ್ದಲ್ಲ. ನಾನು ಇದನ್ನ ಓದಲ್ಲ" ಅಂದೆ. ಮೈಕು ತೆಗೆದುಕೊಂಡು ಹೋಗಿ ಅಜ್ಜಿಯ ಕೈಗೆ ಕೊಟ್ಟೆ. "ನೀನೇ ಹೇಳು."

ಅವಳು ಎದ್ದಳು. ಸಭೆಯ ಕಡೆ ನೋಡಲೇ ಇಲ್ಲ. ನೆಟ್ಟಗೆ ಅಪ್ಪಯ್ಯಣ್ಣನ ಮುಂದೆ ಹೋಗಿ ನಿಂತಳು. ಅವನು ಪೇಟ ಸರಿಮಾಡಿಕೊಂಡು ನಕ್ಕ. ಹಾರ ಹಾಕಲು ಬಂದಳು ಅಂದುಕೊಂಡಿರಬೇಕು.

"ಅಪ್ಪಯ್ಯಾ, ನಾನು ಪಿಳ್ಳಿ. ಒಂದು ಮಾತು ಕೇಳ್ತೀನಿ ಯೋಳು. ಅವತ್ತು ಕಪಿಲೆಗೆ ನಮ್ಮನೇವ್ರನ್ನ ಯಾವ ಕಡೆ ಹೂಡಿದ್ದೆ? ಎಡಕ್ಕಾ, ಬಲಕ್ಕಾ?"

ಮೈಕನ್ನು ಅವನ ಬಾಯಿಗೆ ಹಿಡಿದಳು.

ಮದುವೆ ಯಾವಾಗ ಅಂದರೆ ಅವನಿಗೆ ಗೊತ್ತಿರಲಿಲ್ಲ. ಮಗ ಹುಟ್ಟಿದ್ದು ಗೊತ್ತಿರಲಿಲ್ಲ. ಇದು ಗೊತ್ತಿತ್ತು. ಹೂಡುವ ವಿಷಯ ಕೇಳಿದರೆ ಬೇಸಾಯಗಾರ ಯೋಚನೆ ಮಾಡುವುದಿಲ್ಲ.

"ಬಲಕ್ಕೆ" ಅಂದ. ಇಡೀ ಹಾಲಿಗೆ ಕೇಳಿಸಿತು. "ಮುನಿಯ ಬಲಕ್ಕೆ. ಎಡಕ್ಕೆ ಕೆಂದ ಹೋರಿ ಇತ್ತಲ್ಲ. ಅದನ್ನ ಬಲಕ್ಕೆ ಹೂಡಿದ್ರೆ ನಡೀತಿರ್ಲಿಲ್ಲ. ಮುನಿಯ ಯಾವ ಕಡೆ ಹೂಡಿದ್ರೂ ನಡೆಯೋನು."

ಮುದುಕ ಸುತ್ತ ನೋಡಿದ. ಕೆಂದ ಹೋರಿಗೆ ಯಾಕೆ ಯಾರೂ ಚಪ್ಪಾಳೆ ತಟ್ಟುತ್ತಿಲ್ಲ ಅಂತ ಅವನಿಗೆ ಅರ್ಥವಾಗಲಿಲ್ಲ. ಹಿಂದಿನ ಸಾಲಿನಲ್ಲಿ ನಮ್ಮ ಕೇರಿಯವರು ಊಟಕ್ಕೆ ಅಂತ ಬಂದು ಕೂತಿದ್ದರು. ಒಬ್ಬೊಬ್ಬರಾಗಿ ಎದ್ದು ನಿಂತರು. ಕೂಗಲಿಲ್ಲ, ಕಲ್ಲೆಸೆಯಲಿಲ್ಲ. ಊಟ ಬಿಟ್ಟು ಹೊರಗೆ ನಡೆದರು. ಅಜ್ಜಿ ಮೈಕನ್ನು ನೀಲಿ ಕುರ್ಚಿಯ ಮೇಲಿಟ್ಟು ಅವರ ಹಿಂದೆ ಹೊರಟಳು. ನಾನು ಅವಳ ಹಿಂದೆ. ನವೀನ್‌ಕುಮಾರ್ "ಕರೆಂಟ್ ತೆಗೀರೋ, ಕರೆಂಟ್ ತೆಗೀರೋ" ಅಂತ ಅರಚುತ್ತಿದ್ದ. ಹೇಳುವುದೆಲ್ಲ ಹೇಳಿ ಆದಮೇಲೆ ಕರೆಂಟ್ ಹೋಯಿತು.

ಮೆಟ್ಟಿಲ ಹತ್ತಿರ ಸರ್ ನನ್ನ ಮುಂಗೈ ಹಿಡಿದರು.

"ನಿನ್ನ ಪುಸ್ತಕ ಮರೆತ್ಬಿಡು. ಯಾವ ಪ್ರಕಾಶಕ ನಿನ್ನ ಮುಟ್ತಾನೆ ನೋಡ್ತೀನಿ."

"ಮುಟ್ಟೋದು ಬೇಡ ಸರ್. ನೀವೂ ಕೈ ಬಿಡಿ" ಅಂದೆ.

ಮನೆಗೆ ಬಂದು ಗೋಡೆಯ ಮೇಲಿನ ಹಾಳೆ ಕಿತ್ತೆ. ಕೀಳುವಾಗ ಅಳು ಬಂತು. ಸುಣ್ಣವೂ ಅದರ ಜೊತೆ ಕಿತ್ತು ಬಂತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸಾಹಿತ್ಯಲೋಕ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಾಲಿನಲ್ಲಿದ್ದ ಯಾರೋ ಫೋನಿನಲ್ಲಿ ಹಿಡಿದಿದ್ದರು. ಅಪ್ಪಯ್ಯಣ್ಣನ 'ಬಲಕ್ಕೆ' ಫೋನಿನಿಂದ ಫೋನಿಗೆ ಹಾರಿತು. ನೆಲಮಂಗಲ, ದೇವನಹಳ್ಳಿ, ಹೊಸಕೋಟೆ, ಎಲ್ಲ ಕಡೆ. ನವೀನ್‌ಕುಮಾರನ ಟಿಕೆಟ್ಟಿನ ಮಾತು ನಿಂತಿತು. ವಾರದೊಳಗೆ ಭಾನುಪ್ರಕಾಶ್ ಸರ್ ಫೋನು ಮಾಡಿದರು. ದನಿಯಲ್ಲಿ ತುಪ್ಪ.

"ಅಕ್ಷತಾ, ಅವತ್ತು ನಾನು ಒಂಚೂರು ಭಾವುಕನಾದೆ. ಬಿಟ್ಹಾಕು. ಅಜ್ಜಿಯ ಆತ್ಮಕಥೆ ಮಾಡೋಣ. ನಿರೂಪಣೆ ನಾನೇ ಮಾಡ್ತೀನಿ. ಹೆಸರೂ ಸಿಕ್ಕಿದೆ, 'ಬಲಕ್ಕೆ.' ಮುಖಪುಟದಲ್ಲಿ ಆ ಹಿಮ್ಮಡಿ ಫೋಟೋ. ಒಂದೇ ಸಮಾರಂಭದಲ್ಲಿ ನಿನ್ನ ಕಥಾಸಂಕಲನವೂ ಬರುತ್ತೆ. ಅಜ್ಜಿ ಒಪ್ಪಿದ್ರೆ ಸಾಕು. ಒಪ್ಪಿಸ್ತೀಯಲ್ಲ?"

ಮತ್ತೆ ನನ್ನ ಪುಸ್ತಕ. ಮತ್ತೆ ಆಸೆ, ಹಾಳಾದ್ದು, ನೆಕ್ಕಿದ ಕೈ ಬಿಡದ ನಾಯಿಮರಿಯ ಹಾಗೆ. ಫೋನು ಕೈಯಲ್ಲೇ ಹಿಡಿದುಕೊಂಡು ಅಜ್ಜಿಗೆ ಎಲ್ಲ ಹೇಳಿದೆ. ಅವಳು ಅವರೆಕಾಳು ಹಿಚುಕುತ್ತಿದ್ದಳು. ಕತ್ತು ಎತ್ತಲಿಲ್ಲ.

"ಆ ಹೋರಿ ಸತ್ತು ಯಾವ ಕಾಲ ಆಯ್ತು. ಎಡಗಡೆ ಜಾಗ ಖಾಲಿ ಐತೆ. ಬಂದು ಹೊತ್ತು ಮುಳುಗೋಗಂಟ ಹೆಗಲು ಕೊಡ್ಲಿ. ಆಮ್ಯಾಕೆ ಬರ್ಕೊಳ್ಲಿ ಅನ್ನು."

ಫೋನು ಕಿವಿಗೆ ಹಿಡಿದು ಹಾಗೇ ಹೇಳಿದೆ. ಒಂದಕ್ಷರ ತಿದ್ದಲಿಲ್ಲ.